ಮುದ್ರೆ ಒಡೆದ ಪಾದ್ರಿ

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದವನು. ಜ್ವಾಲಾಮುಖಿಯ ಪಾಠ ಬಂದಾಗಲೆಲ್ಲ ವೆಸುವಿಯಸ್, ಕ್ರಕಟೋವಾ ಇವನ್ನೆಲ್ಲ ಬೇಗ ಮುಗಿಸಿ, ಕೊನೆಯ ಹತ್ತು ನಿಮಿಷ ಉಳಿಸಿಕೊಂಡು ಐಸ್‌ಲ್ಯಾಂಡಿನ ಒಬ್ಬ ಪಾದ್ರಿಯ ಕತೆ ಹೇಳುತ್ತಿದ್ದೆ. 1783ರ ಜುಲೈ 20, ಭಾನುವಾರ. ಕರಗಿದ ಕಲ್ಲಿನ ಹೊಳೆ ಸ್ಕಾಫ್ತಾ ನದಿಯ ಪಾತ್ರ ಹಿಡಿದು ಊರಿನತ್ತ ಬರುತ್ತಿದೆ. ಊರಿನ ಹೆಸರು ಕಿರ್ಕ್ಯುಬೈಯಾರ್‌ಕ್ಲೌಸ್ಟುರ್. ನಮ್ಮ ನಾಲಿಗೆಗೆ ಕ್ಲೌಸ್ಟುರ್ ಅಂದರೆ ಸಾಕು. ಪಾದ್ರಿ ಯೋನ್ ಸ್ಟೈನ್‌ಗ್ರಿಮ್ಸನ್ ಜನರನ್ನೆಲ್ಲ ಚರ್ಚಿನೊಳಗೆ ಸೇರಿಸಿ ಪ್ರಾರ್ಥನೆ ಶುರು ಮಾಡುತ್ತಾನೆ. ಇದೇ ಇಲ್ಲಿನ ಕೊನೆಯ ಪ್ರಾರ್ಥನೆ ಎಂದು ಎಲ್ಲರಿಗೂ ಅನಿಸಿದೆ. ಮುಗಿಸಿ ಹೊರಗೆ ಬಂದು ನೋಡಿದರೆ ಲಾವಾ ಮುಂದೆ ಸರಿದಿಲ್ಲ. ಇದ್ದಲ್ಲೇ ಒಂದರ ಮೇಲೊಂದು ಪೇರಿಕೊಂಡು ನಿಂತಿದೆ.

ಹಿಂದಿನ ಬೆಂಚಿನಿಂದ ಪ್ರತಿ ವರ್ಷ ಯಾರಾದರೂ ಒಬ್ಬ ಕೇಳಿಯೇ ಕೇಳುತ್ತಿದ್ದ: “ಖರೇನ ನಿಂತ್ತೇನ್ರೀ ಸರ?”

ನಿಂತಿದ್ದು ನಿಜ. ಲಾವಾ ಅಡ್ಡಗಟ್ಟಿದ್ದರಿಂದ ಏರಿ ನಿಂತಿದ್ದ ಹೊಳೆಗಳ ನೀರು ಉಕ್ಕಿ ಬಂದು ಅದರ ಮೇಲೆ ಸುರಿದು ಬೆಂಕಿಯನ್ನು ತಣ್ಣಗಾಗಿಸಿತ್ತು. ಇದನ್ನೂ ಆ ಪಾದ್ರಿಯೇ ಬರೆದಿಟ್ಟಿದ್ದಾನೆ. ದೇವರು ಕಾಪಾಡಿದ ಎಂದು ಅವನು ನಂಬಿದ್ದ. ನೀರು ಬಂದದ್ದನ್ನೂ ಮುಚ್ಚಿಡಲಿಲ್ಲ. ಆ ಪ್ರಾರ್ಥನೆಯನ್ನು ಐಸ್‌ಲ್ಯಾಂಡಿನವರು ಇಂದಿಗೂ ‘ಬೆಂಕಿಯ ಪ್ರಾರ್ಥನೆ’ ಎಂದೇ ಕರೆಯುತ್ತಾರೆ. ಅವನ ನೆನಪಿಗೆ 1974ರಲ್ಲಿ ಆ ಊರಿನಲ್ಲಿ ಒಂದು ಪುಟ್ಟ ಪ್ರಾರ್ಥನಾ ಮಂದಿರವನ್ನೂ ಕಟ್ಟಿದ್ದಾರೆ.

ನನ್ನ ಕತೆ ಇಲ್ಲಿಗೆ ಮುಗಿಯುತ್ತಿತ್ತು, ಗಂಟೆಯೂ ಹೊಡೆಯುತ್ತಿತ್ತು. ನಿವೃತ್ತನಾದ ಮೇಲೆ ಆ ಪಾದ್ರಿಯ ಬಗ್ಗೆ ಇನ್ನಷ್ಟು ಓದಿದೆ. ಆಗ ಗೊತ್ತಾಯಿತು, ಕತೆಯ ಉಳಿದರ್ಧವನ್ನು ನಾನು ಮಕ್ಕಳಿಗೆ ಹೇಳಿಯೇ ಇರಲಿಲ್ಲ. ಆ ಅರ್ಧವೇ ಈಗ ನನ್ನನ್ನು ಕಾಡುತ್ತಿರುವುದು.

ಮೊದಲು ಆ ಬೆಂಕಿಯ ವಿಷಯ. ಲಾಕಿ ಎಂದು ನಾವು ಹೇಳುವುದು ಶಂಕುವಿನಾಕಾರದ ಬೆಟ್ಟವಲ್ಲ. 1783ರ ಜೂನ್ 8ರಂದು ನೆಲವೇ ಬಾಯಿ ಬಿಟ್ಟಿತು. 27 ಕಿಲೋಮೀಟರ್ ಉದ್ದದ ಬಿರುಕು, ಅದರುದ್ದಕ್ಕೂ ಸುಮಾರು 130 ಕುಳಿಗಳು. ಎಂಟು ತಿಂಗಳು, ಅಂದರೆ ಮುಂದಿನ ಫೆಬ್ರವರಿಯವರೆಗೆ ಲಾವಾ ಹರಿಯಿತು, ಸುಮಾರು 600 ಚದರ ಕಿಲೋಮೀಟರ್ ನೆಲ ಮುಚ್ಚಿತು. ನಮ್ಮ ವಿಜಯಪುರ ಜಿಲ್ಲೆಯ ಎರೆ ಮಣ್ಣೂ ಒಂದು ಕಾಲಕ್ಕೆ ಹೀಗೆಯೇ ಬಿರುಕುಗಳಿಂದ ಉಕ್ಕಿ ಹರಿದ ಲಾವಾ ಎಂದು ಹೇಳಿದರೆ ಮಕ್ಕಳು ಕಿಟಕಿಯಾಚೆ ಹೊಲದ ಕಡೆ ನೋಡುತ್ತಿದ್ದರು. ನಮ್ಮದು ಆರೂವರೆ ಕೋಟಿ ವರ್ಷದ ಹಿಂದಿನದು, ಮಣ್ಣಾಗಿ ಜೋಳ ಕೊಡುತ್ತಿದೆ. ಅವರದು ಇನ್ನೂ ಕಲ್ಲೇ. ಇನ್ನೂರ ನಲವತ್ತು ವರ್ಷದಲ್ಲಿ ಅದರ ಮೇಲೆ ಪಾಚಿಯ ದಪ್ಪ ಹಾಸು ಬೆಳೆದಿದೆ, ಅಷ್ಟೇ.

ಲಾವಾದ ಹೊಳೆಗೆ ಸಿಕ್ಕಿ ಸತ್ತವರು ಇಲ್ಲವೆನ್ನುವಷ್ಟು ಕಡಿಮೆ. ಅದು ಬರುವುದು ಕಾಣುತ್ತದೆ, ಮನೆ ಬಿಟ್ಟು ಓಡಬಹುದು. ಕೊಂದದ್ದು ಗಾಳಿ ಮತ್ತು ಹುಲ್ಲು. ಸುಮಾರು 12 ಕೋಟಿ ಟನ್ ಗಂಧಕದ ಡೈಆಕ್ಸೈಡ್ ಆಕಾಶಕ್ಕೇರಿತು. ಅದರ ಮುಸುಕು ಯುರೋಪನ್ನೆಲ್ಲ ಕವಿಯಿತು. ಪ್ಯಾರಿಸ್ಸಿನಲ್ಲಿದ್ದ ಬೆಂಜಮಿನ್ ಫ್ರಾಂಕ್ಲಿನ್ ಆ ಬೇಸಿಗೆಯ ವಿಚಿತ್ರ ಮಂಜಿನ ಬಗ್ಗೆ ಬರೆದ. ಜೊತೆಗೆ ಬಂದ ಫ್ಲೋರಿನ್ ಐಸ್‌ಲ್ಯಾಂಡಿನ ಹುಲ್ಲಿನ ಮೇಲೆ ಕೂತಿತು. ಕುರಿಗಳು ಆ ಹುಲ್ಲನ್ನೇ ಮೇಯ್ದವು. ಅವುಗಳ ಹಲ್ಲು ಕೆಟ್ಟವು, ದವಡೆಯಲ್ಲಿ, ಕೀಲುಗಳಲ್ಲಿ ಗಂಟು ಎದ್ದವು. ಪಾವಗಡ, ಮುಂಡರಗಿ ಕಡೆಯವರಿಗೆ ನೀರಿನ ಫ್ಲೋರೈಡ್ ಹಲ್ಲನ್ನೂ ಮೂಳೆಯನ್ನೂ ಏನು ಮಾಡುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಲಿ ವರ್ಷಗಳಲ್ಲಿ ಆಗುವುದು ಕ್ಲೌಸ್ಟುರ್‌ನಲ್ಲಿ ತಿಂಗಳುಗಳಲ್ಲಿ ಆಯಿತು. ದೇಶದ ಕುರಿಗಳಲ್ಲಿ ನೂರಕ್ಕೆ ಎಂಬತ್ತರಷ್ಟು, ದನ ಮತ್ತು ಕುದುರೆಗಳಲ್ಲಿ ಅರ್ಧದಷ್ಟು ಸತ್ತವು. ಬೇಸಾಯವೇ ಹೆಚ್ಚಿಲ್ಲದ ನಾಡಿನಲ್ಲಿ ಕುರಿ ಸತ್ತರೆ ಮನುಷ್ಯನೂ ಸತ್ತ ಹಾಗೆ. ಸುಮಾರು ಐವತ್ತು ಸಾವಿರ ಜನರಿದ್ದ ದೇಶದಲ್ಲಿ ಐದರಲ್ಲೊಬ್ಬರು ಹಸಿವು, ರೋಗಗಳಿಗೆ ಬಲಿಯಾದರು. ಆ ವರ್ಷಗಳಿಗೆ ಅವರ ಭಾಷೆಯಲ್ಲಿರುವ ಹೆಸರಿನ ಅರ್ಥ ‘ಮುಸುಕಿನ ಸಂಕಟ’.

ಇದೆಲ್ಲ ನಮ್ಮ ಪಾಪದ ಫಲ ಎಂದು ಯೋನ್ ನಂಬಿದ್ದ. ಅದಕ್ಕೂ ಮೊದಲಿನ ವರ್ಷಗಳು ಒಳ್ಳೆಯ ವರ್ಷಗಳು, ಹೊಟ್ಟೆ ತುಂಬಿದ ಜನ ಮೈಮರೆತಿದ್ದರು, ಕುಡಿತ ಹೆಚ್ಚಿತ್ತು ಎಂದು ಬರೆಯುತ್ತಾನೆ. ಈ ಮಾತು ಓದುವಾಗ ನನಗೆ ಸಿಟ್ಟೇ ಬಂತು. ಹಸಿದ ತಾಯಿಗೆ ‘ನಿನ್ನ ತಪ್ಪಿಗೇ ನಿನ್ನ ಕೂಸು ಹೋಯಿತು’ ಎಂದ ಹಾಗಲ್ಲವೇ ಇದು? ಆದರೆ ಹೇಳಿದವನು ದೂರದ ಪಟ್ಟಣದಲ್ಲಿ ಬೆಚ್ಚಗೆ ಕೂತು ಹೇಳಲಿಲ್ಲ. ಅದೇ ಗಾಳಿ ಕುಡಿದ, ಊರು ಬಿಡಲಿಲ್ಲ, ತನಗೆ ತಿಳಿದಷ್ಟು ವೈದ್ಯ ಮಾಡಿದ, ಸತ್ತವರನ್ನು ಮಣ್ಣು ಮಾಡಿದ. 1784ರಲ್ಲಿ ಅವನ ಹೆಂಡತಿಯೂ ತೀರಿಕೊಂಡಳು. ‘ನಮ್ಮ ಪಾಪ’ ಎಂದಾಗ ಆ ‘ನಮ್ಮ’ದಲ್ಲಿ ಅವನೂ ಇದ್ದ. ಅವನ ವಾದವನ್ನು ನಾನು ಒಪ್ಪುವುದಿಲ್ಲ, ಮನುಷ್ಯನನ್ನು ತಳ್ಳಿಹಾಕಲೂ ಆಗುವುದಿಲ್ಲ.

ಈಗ ಉಳಿದರ್ಧ. ಐಸ್‌ಲ್ಯಾಂಡ್ ಆಗ ಡೆನ್ಮಾರ್ಕಿನ ಆಳ್ವಿಕೆಯಲ್ಲಿತ್ತು. ಸುದ್ದಿ ಕೋಪನ್‌ಹೇಗನ್ ಮುಟ್ಟುವಷ್ಟರಲ್ಲಿ ಬೇಸಿಗೆ ಮುಗಿಯುತ್ತ ಬಂದಿತ್ತು. ಅಲ್ಲಿಂದ ಹೊರಟ ಹಡಗು ಚಳಿಗಾಲವನ್ನು ನಾರ್ವೆಯಲ್ಲೇ ಕಳೆಯಬೇಕಾಗಿ ಬಂತು, ಐಸ್‌ಲ್ಯಾಂಡ್ ಮುಟ್ಟಿದ್ದು ಮರುವರ್ಷದ ವಸಂತಕ್ಕೆ. 1784ರಲ್ಲಿ ಯೋನ್ ತನ್ನ ಜನರಿಗಾಗಿ ಸಹಾಯ ಕೇಳಲು ಆಡಳಿತದ ಕೇಂದ್ರವಾದ ಬೆಸ್ಸಾಸ್ತಾಡಿರ್‌ಗೆ ಹೋದ. ಸಂತ್ರಸ್ತರ ಪರಿಹಾರದ ಹಣವನ್ನು ಮುದ್ರೆ ಹಾಕಿ ಅವನ ಕೈಗೆ ಕೊಟ್ಟರು. ಅವನ ಕೆಲಸ ಅದನ್ನು ಒಯ್ದು ಜಿಲ್ಲೆಯ ಅಧಿಕಾರಿಗೆ ಒಪ್ಪಿಸುವುದು ಮಾತ್ರ; ಹಂಚುವುದು ಅಧಿಕಾರಿಯ ಕೆಲಸ. ಯೋನ್ ದಾರಿಯಲ್ಲೇ ಮುದ್ರೆ ಒಡೆದ. ಕಷ್ಟದಲ್ಲಿದ್ದವರಿಗೆ ಅದರಿಂದ ಒಂದಿಷ್ಟು ಕೊಟ್ಟ. ಉಳಿದದ್ದನ್ನು ಒಯ್ದು ಒಪ್ಪಿಸಿದ.

ಬೆಂಕಿಯನ್ನು ನಿಲ್ಲಿಸಿದವನೆಂದು ಹೆಸರಾದ ಪಾದ್ರಿಯ ಮೇಲೆ ದೂರು ಹೋಯಿತು. ಅವನಿಗೆ ದಂಡ ಬಿತ್ತು, ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು.

ಮೊದಲ ಓದಿಗೆ ಇದರಲ್ಲಿ ಪ್ರಶ್ನೆಯೇ ಇಲ್ಲ ಅನಿಸಿತು. ಹಸಿದವನ ಮುಂದೆ ಅರಗಿನ ಮುದ್ರೆಗೆ ಏನು ಬೆಲೆ? ಆದರೆ ಸರ್ಕಾರಿ ನೌಕರಿ ಮಾಡಿದವನಿಗೆ ಇನ್ನೊಂದು ಮಗ್ಗುಲೂ ಕಾಣುತ್ತದೆ. ಮುದ್ರೆ ಇರುವುದು ಕಳ್ಳನಿಗಾಗಿ ಮಾತ್ರವಲ್ಲ, ಒಳ್ಳೆಯವನಿಗಾಗಿಯೂ. ಒಳ್ಳೆಯವನ ಮನಸ್ಸು ಕರಗುವುದು ಕಣ್ಣೆದುರಿನ ಮುಖಕ್ಕೆ. ಆ ದಾರಿಯಲ್ಲಿ ಸಿಗದೆ ಗುಡ್ಡದಾಚೆಯ ಮನೆಯಲ್ಲಿ ಏಳಲಾಗದೆ ಮಲಗಿದ ವಿಧವೆಯದ್ದೂ ಅದೇ ಹಣದಲ್ಲಿ ಪಾಲಿತ್ತು. ಅವಳ ಪರವಾಗಿ ಅಲ್ಲಿ ನಿಂತಿದ್ದು ಆ ಅರಗಿನ ಮುದ್ರೆ ಒಂದೇ. ಪಾದ್ರಿ ಅದನ್ನು ಒಡೆದಾಗ ಒಂದು ರೀತಿಯಲ್ಲಿ ಅವಳ ಪಾಲನ್ನು ಅವಳನ್ನು ಕೇಳದೆ ಕೊಟ್ಟ. ಪರಿಹಾರದ ಯಾದಿ, ಸಹಿ, ಪಂಚನಾಮೆ ಎಲ್ಲವನ್ನೂ ನಾವು ಬೈಯುತ್ತೇವೆ. ಯಾದಿ ಇಲ್ಲದ ಕಡೆ ಪರಿಹಾರ ಯಾರ ಮನೆ ಸೇರುತ್ತದೆ ಎಂಬುದನ್ನೂ ನಾವೇ ನೋಡಿದ್ದೇವೆ.

ಇಷ್ಟು ಹೇಳಿದ ಮೇಲೂ ಹಣಕ್ಕೆ ಋತುಮಾನ ಇದೆ ಎಂಬ ಮಾತು ಉಳಿಯುತ್ತದೆ. ಚಳಿಗಾಲಕ್ಕೆ ಮೊದಲು ಕುರಿ ಕೊಂಡರೆ ಆ ಮನೆ ಬದುಕುತ್ತದೆ, ಆಮೇಲೆ ಬಂದ ಅದೇ ನಾಣ್ಯ ಗೋರಿಯ ಖರ್ಚಿಗೆ. ನಾರ್ವೆಯಲ್ಲಿ ಹಡಗು ಕಾಯುತ್ತಿದ್ದಷ್ಟು ದಿನ ಜನ ಸಾಯುತ್ತಿದ್ದುದನ್ನು ಕಂಡವನು ಅವನು. ಅವನಿಗೆ ಒಪ್ಪಿಸಿದ್ದು ಪೆಟ್ಟಿಗೆಯನ್ನೋ, ಪೆಟ್ಟಿಗೆಯ ಉದ್ದೇಶವನ್ನೋ? ನಾನು ಇಲ್ಲಿಯೇ ಬಹಳ ದಿನ ನಿಂತುಬಿಟ್ಟೆ. ನಿಲ್ಲಲು ಕಾರಣ ಆ ಪಾದ್ರಿಯಲ್ಲ.

2009ರ ಸೆಪ್ಟೆಂಬರ್ ಕೊನೆಗೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕವೆಲ್ಲ ಮಳೆಯಲ್ಲಿ ಮುಳುಗಿತ್ತು. ಡೋಣಿ ಉಕ್ಕಿ ಹರಿದು ದಂಡೆಯ ಮಣ್ಣಿನ ಮನೆಗಳು ಕುಸಿದವು. ನಮ್ಮ ಸಾಲಿಯೇ ಗಂಜಿ ಕೇಂದ್ರವಾಯಿತು. ಮಧ್ಯಾಹ್ನ ಒಂದು ಗಾಡಿ ಬಂದು ಚಾದರದ ಗಂಟುಗಳನ್ನು ಇಳಿಸಿ ಹೋಯಿತು. ಕೋಣೆಗೆ ಬೀಗ, ಬೀಗಕ್ಕೆ ಬಟ್ಟೆ ಸುತ್ತಿ ಅರಗಿನ ಮುದ್ರೆ, ಕೀಲಿ ನನ್ನ ಕೈಯಲ್ಲಿ. ಯಾದಿ ತಯಾರಾಗಿ ಬರುವವರೆಗೆ ತೆಗೆಯಬಾರದು ಎಂದು ಅಪ್ಪಣೆ. ರಾತ್ರಿ ಹೊತ್ತಿಗೆ ನೂರಾರು ಜನ ತೊಯ್ದ ಬಟ್ಟೆಯಲ್ಲೇ ವರಾಂಡದಲ್ಲಿ ಕೂತಿದ್ದರು. ಒಬ್ಬ ಆಯಿ ಮೊಮ್ಮಗನನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು, “ಸರ, ಒಂದs ಒಂದು ಚಾದರ ಕೊಡ್ರಿ, ಹುಡುಗ ನಡಗಾಕ ಹತ್ತೈತಿ” ಅಂದಳು. “ಸಾಹೇಬರು ಬರಲಿ ಯವ್ವಾ, ಮುಂಜಾನೆ ಕೊಡ್ತೀವಿ” ಅಂದೆ. ಅವಳು ಜಗಳ ಮಾಡಲಿಲ್ಲ. “ನೀವರೆ ಏನ ಮಾಡ್ತೀರಿ, ನಿಮ್ಮದೂ ನೌಕರಿ” ಎಂದು ಹೋದಳು. ಯಾದಿ ಬಂದದ್ದು ಮರುದಿನ ಮಧ್ಯಾಹ್ನ. ಹುಡುಗನಿಗೆ ಏನೂ ಆಗಲಿಲ್ಲ. ನನ್ನ ಮೇಲೆ ಯಾರೂ ಬೆರಳು ತೋರಲಿಲ್ಲ, ಚಾದರದ ಎಣಿಕೆ ಸರಿಯಾಗಿತ್ತು.

ಆ ರಾತ್ರಿ ನಾನು ಬೀಗ ತೆಗೆಯದ್ದು ಗುಡ್ಡದಾಚೆಯ ವಿಧವೆಗಾಗಿಯೇ? ಇನ್ನೂ ನೀರಿನಲ್ಲೇ ಸಿಕ್ಕಿಕೊಂಡಿದ್ದ ಮುಂದಿನ ಊರಿನವರಿಗೆ ಚಾದರ ಉಳಿಯಲಿ ಎಂದೇ? ಹಾಗೆ ಯೋಚಿಸಿದ್ದರೆ ಸೈ ಎನ್ನಬಹುದಿತ್ತು. ನಾನು ಯೋಚಿಸಿದ್ದು ನೋಟೀಸಿನ ಬಗ್ಗೆ, ಬರಬೇಕಿದ್ದ ಬಡ್ತಿಯ ಬಗ್ಗೆ. ದೂರದವರನ್ನು ಕಾಯುವ ನಿಯಮವೂ ನನ್ನನ್ನು ಕಾಯುವ ನಿಯಮವೂ ಅದೇ ಬೀಗ, ಅದೇ ಕೀಲಿ. ಹೊರಗಿನಿಂದ ನೋಡುವವರಿಗೆ ವ್ಯತ್ಯಾಸ ಕಾಣುವುದಿಲ್ಲ. ಒಳಗಿದ್ದವನಿಗೆ ಗೊತ್ತಿರುತ್ತದೆ.

ಹಾಗಾಗಿ ಯೋನ್‌ಗೆ ದಂಡ ಹಾಕಿದ್ದು ಅನ್ಯಾಯ ಎಂದು ಈಗ ನಾನು ಹೇಳುವುದಿಲ್ಲ. ಮುದ್ರೆ ಒಡೆದವನನ್ನು ಸುಮ್ಮನೆ ಬಿಟ್ಟರೆ ನಾಳೆ ಒಡೆಯುವ ಕೈ ಯಾರದ್ದಿರುತ್ತದೋ. ಅವನು ಒಡೆದದ್ದು ಸರಿ, ಅವರು ಕೇಳಿದ್ದೂ ಸರಿ. ನನಗೆ ಕಷ್ಟವಾಗುವುದು ಮೂರನೆಯದರಲ್ಲಿ: ಒಡೆದವನು ಜನರೆದುರು ತಲೆ ತಗ್ಗಿಸಬೇಕಾಯಿತು, ಒಡೆಯದೆ ಕೂತ ನನ್ನಂಥವನನ್ನು ಯಾವ ಕಾನೂನೂ ಏನೂ ಕೇಳಲಿಲ್ಲ. ಮಾಡಿದ ತಪ್ಪಿಗೆ ಕಾಗದ ಇರುತ್ತದೆ. ಮಾಡದೆ ಬಿಟ್ಟದ್ದಕ್ಕೆ ಎಲ್ಲಿಯ ಕಾಗದ? ಯೋನ್ ಕೊನೆಗಾಲದಲ್ಲಿ ತನ್ನ ಹೆಣ್ಣುಮಕ್ಕಳಿಗಾಗಿ ಆತ್ಮಕತೆ ಬರೆದ, 1791ರಲ್ಲಿ ತೀರಿಕೊಂಡ. ಆ ಅವಮಾನ ಅವನನ್ನು ಸುಲಭಕ್ಕೆ ಬಿಟ್ಟಿರಲಿಕ್ಕಿಲ್ಲ.

ಆ ರಾತ್ರಿ ನಮ್ಮ ಸಾಲಿಯಲ್ಲಿ ಮುದ್ರೆ ಒಡೆದವರೂ ಒಬ್ಬರಿದ್ದರು. ಬಿಸಿಯೂಟದ ಅಡುಗೆಯ ಅಕ್ಕ. ಬಿಸಿಯೂಟದ ಅಕ್ಕಿ ಸಾಲಿ ಮಕ್ಕಳದು, ಬೇರೆಯವರಿಗೆ ಮುಟ್ಟಿಸುವ ಹಾಗಿಲ್ಲ. ಆಕೆ ಯಾರನ್ನೂ ಕೇಳದೆ ಚೀಲದ ಬಾಯಿ ಬಿಚ್ಚಿ ಒಲೆ ಹಚ್ಚಿದಳು. “ಅಕ್ಕಾ, ಲೆಕ್ಕ ಕೇಳ್ತಾರ” ಅಂದೆ. “ಕೇಳಲಿ ಬಿಡ್ರಿ ಸರ, ಹೇಳೂಣು” ಅಂದಳು. ಮುಂದೆ ಕೇಳಿಯೇ ಕೇಳಿದರು. ಹೇಳಿಕೆ ಬರೆದುಕೊಡಬೇಕಾಯಿತು. ಆಕೆಗೆ ಬರೆಯಲು ಬಾರದು, ಬರೆದುಕೊಂಡವನು ನಾನೇ. ಎಷ್ಟು ಅಕ್ಕಿ ತೆಗೆದಿರಿ ಎಂದು ಕೇಳಿದಾಗ ಆಕೆ ನನ್ನನ್ನು ಅಡುಗೆ ಕೋಣೆಗೆ ಕರೆದುಕೊಂಡು ಹೋಗಿ ಗೋಡೆ ತೋರಿಸಿದಳು. ಸೇರಿಗೊಂದರಂತೆ ಇದ್ದಿಲಿನ ಗೀಟುಗಳು, ಮೂರು ದಿನದವು. ಎಣಿಸಿ ಬರೆದುಕೊಂಡೆ. ಬೇಸಿಗೆಯಲ್ಲಿ ಸುಣ್ಣ ಹಚ್ಚುವವರೆಗೂ ಆ ಗೀಟುಗಳು ಗೋಡೆಯ ಮೇಲೆ ಇದ್ದವು.