ಮರೆಯುವವರಿಗೆ ಕಲಿಸುವುದು

ಹೈಸ್ಕೂಲು ಮೇಷ್ಟ್ರಿಗೆ ಶಿಷ್ಯರಿರುತ್ತಾರೆ. ಅವರು ನಿವೃತ್ತರಾದರೆ ಊರು ಬಿಟ್ಟು ಹೋದ ಹುಡುಗರೆಲ್ಲ ಸೇರಿ ಗುರುವಂದನೆ ಮಾಡುತ್ತಾರೆ, ಶಾಲು ಹೊದಿಸುತ್ತಾರೆ, ತಿಂದ ಪೆಟ್ಟನ್ನೂ ಪ್ರೀತಿಯಿಂದ ನೆನೆಯುತ್ತಾರೆ. ಅಂಗನವಾಡಿ ಕಾರ್ಯಕರ್ತೆಗೆ ಅಂಥ ಶಿಷ್ಯರಿಲ್ಲ. ನಮ್ಮ ಹತ್ತಿರ ಕಲಿತವರು ನಮ್ಮನ್ನು ಮರೆಯುತ್ತಾರೆ. ತೊಡೆಯ ಮೇಲೆ ಮಲಗಿ ಅಳು ನಿಲ್ಲಿಸಿದ ಹುಡುಗಿ ನಾಲ್ಕನೇ ಕ್ಲಾಸಿಗೆ ಬರುವ ಹೊತ್ತಿಗೆ ಡೈರಿ ಹತ್ತಿರ ಎದುರಾದರೆ, ಅಮ್ಮನ ಸೆರಗಿನ ಹಿಂದೆ ನಿಂತು ಯಾರೋ ಹೊಸಬರನ್ನು ನೋಡುವಂತೆ ನೋಡುತ್ತಾಳೆ. ಅದರಲ್ಲಿ ಅವಳ ತಪ್ಪೇನೂ ಇಲ್ಲ. ಮೂರು, ಮೂರೂವರೆ ವರ್ಷಕ್ಕಿಂತ ಹಿಂದಿನದು ದೊಡ್ಡವರಾದ ಮೇಲೆ ಹೆಚ್ಚಿನವರಿಗೆ ನೆನಪಿರುವುದಿಲ್ಲ. ಆಮೇಲಿನ ಒಂದೆರಡು ವರ್ಷದ್ದೂ ಅಲ್ಲೊಂದು ಇಲ್ಲೊಂದು ತುಣುಕು ಮಾತ್ರ. ಮನಶ್ಶಾಸ್ತ್ರ ಬಲ್ಲವರು ಇದನ್ನು ಶೈಶವದ ವಿಸ್ಮೃತಿ ಎನ್ನುತ್ತಾರೆ.

ನಾನು ಈ ಕೆಲಸ ಮಾಡುತ್ತಿರುವುದು ತಿ. ನರಸೀಪುರ ತಾಲ್ಲೂಕಿನ ಒಂದು ಸಣ್ಣ ಊರಿನಲ್ಲಿ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಾಯೋಗಿಕವಾಗಿ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಆರಿಸಿಕೊಂಡದ್ದು ನಮ್ಮ ತಾಲ್ಲೂಕನ್ನೇ. ಅಂದು ಅಂಗನವಾಡಿಯಲ್ಲಿ ಕೂತಿದ್ದ ಕೂಸುಗಳು ಈಗ ಮೊಮ್ಮಕ್ಕಳ ಕೈ ಹಿಡಿದು ನಮ್ಮ ಬಾಗಿಲಿಗೆ ಬರುತ್ತಿದ್ದಾರೆ. "ನೀವೂ ಹೋಗಿದ್ರಾ ಅಂಗನವಾಡಿಗೆ?" ಎಂದು ಕೇಳಿದರೆ, "ಹೋಯ್ತಿದ್ದೆ ಅಂತ ನಮ್ಮವ್ವ ಹೇಳೋಳು. ನಂಗೇನೂ ಗ್ಯಾಪಕ ಇಲ್ಲ ಕಣವ್ವ" ಎನ್ನುತ್ತಾರೆ. ಅವರಿಗೆ ಕಲಿಸಿದಾಕೆ ಯಾರೋ, ಏನು ಕಲಿಸಿದಳೋ, ಊರಲ್ಲಿ ಹೇಳುವವರಿಲ್ಲ.

ಹಾಗಿದ್ದರೆ ಈ ಕೆಲಸದ ಫಲ ಎಲ್ಲಿದೆ? ಫಲದ ಮೇಲೆ ನಿನಗೆ ಅಧಿಕಾರವಿಲ್ಲ ಎಂದು ಗೀತೆಯ ಎರಡನೆಯ ಅಧ್ಯಾಯದಲ್ಲಿ ಕೃಷ್ಣ ಹೇಳಿದ್ದು ಎಲ್ಲರಿಗೂ ಗೊತ್ತು. ಆದರೆ ಹೆಚ್ಚಿನ ಕೆಲಸಗಳಲ್ಲಿ ಆ ಮಾತನ್ನು ಪೂರ್ತಿ ಪಾಲಿಸುವ ಪ್ರಮೇಯ ಬರುವುದಿಲ್ಲ. ಫಲ ಬೇಡವೆಂದರೂ ಹೆಸರು ಬರುತ್ತದೆ, ಹೆಸರು ಬೇಡವೆಂದರೂ ಕೃತಜ್ಞತೆ ಬರುತ್ತದೆ. ನಮ್ಮ ಪಕ್ಕದ ಸೋಮನಾಥಪುರದ ಗುಡಿಯನ್ನೇ ನೋಡಿ. 13ನೇ ಶತಮಾನದ ಆ ಕೇಶವ ದೇವಾಲಯದ ಹೊರಗೋಡೆಯ ಎಷ್ಟೋ ವಿಗ್ರಹಗಳ ಪೀಠದಲ್ಲಿ ಕೆತ್ತಿದವರ ಹೆಸರಿದೆ. ಮಲ್ಲಿತಮ್ಮನ ಹೆಸರಂತೂ ಮತ್ತೆ ಮತ್ತೆ ಬರುತ್ತದೆ. ದೇವರ ಸೇವೆ ಎಂದೇ ಮಾಡಿದ ಕೆಲಸ ಅದು; ಆದರೂ ಕಲ್ಲಿನಲ್ಲಿ ತನ್ನ ಹೆಸರಿಗೆ ಅಂಗೈಯಗಲ ಜಾಗ ಇಟ್ಟುಕೊಂಡ. ಅದನ್ನು ಓದುವಾಗ ನನಗೆ ಸಂತೋಷವಾಗುತ್ತದೆ, ಕುಶಲಿಗೆ ಅಷ್ಟು ಹಕ್ಕಿದೆ ಅನ್ನಿಸುತ್ತದೆ. ಆದರೆ ಮೂರು ವರ್ಷದ ಮಗುವಿನ ಮೇಲೆ ಹೆಸರು ಬರೆಯುವ ಜಾಗ ಇಲ್ಲ. ಆ ಜಾಗವನ್ನು ಪ್ರಕೃತಿಯೇ ಅಳಿಸಿಬಿಡುತ್ತದೆ. ಬೇರೆಯವರು ಸಾಧನೆ ಮಾಡಿ ಬಿಡಬೇಕಾದ್ದನ್ನು ನಮ್ಮ ಕೈಯಿಂದ ಕೆಲಸವೇ ಬಿಡಿಸುತ್ತದೆ.

ನೆನಪು ಹೋದರೂ ಕಲಿತದ್ದು ಹೋಗುವುದಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳುವ ಯಾವ ದೊಡ್ಡ ಮನುಷ್ಯನಿಗೂ ಅದನ್ನು ಯಾರು ಕಲಿಸಿದರು ಎಂಬುದು ಗೊತ್ತಿರುವುದಿಲ್ಲ. ಊಟಕ್ಕೆ ಮುಂಚೆ ಕೈ ತೊಳೆಯುವುದು, ಸರದಿಗೆ ಕಾಯುವುದು, ತಟ್ಟೆಯಲ್ಲಿ ಎರಡು ತುಂಡು ಇದ್ದರೆ ಪಕ್ಕದವನಿಗೆ ಒಂದು ಕೊಡುವುದು, ಬಿದ್ದವನನ್ನು ಎಬ್ಬಿಸುವುದು, ಅಮ್ಮ ಕಣ್ಣಿಗೆ ಕಾಣದಿದ್ದರೂ ಮಧ್ಯಾಹ್ನ ಬಂದೇ ಬರುತ್ತಾಳೆ ಎಂದು ನಂಬುವುದು, ಎಲ್ಲವೂ ಹಾಗೆಯೇ. ಅಮೆರಿಕದ ಮಿಷಿಗನ್ ರಾಜ್ಯದ ಯಪ್ಸಿಲಾಂಟಿ ಊರಿನಲ್ಲಿ 1962ರಲ್ಲಿ ಪೆರಿ ಶಾಲೆಯ ಪ್ರಯೋಗ ಶುರುವಾಯಿತು. ಬಡ ಕುಟುಂಬಗಳ 123 ಮಕ್ಕಳಲ್ಲಿ 58 ಮಕ್ಕಳನ್ನು ಶಿಶುವಿಹಾರಕ್ಕೆ ಸೇರಿಸಿಕೊಂಡರು, ಉಳಿದವರನ್ನು ಸೇರಿಸಿಕೊಳ್ಳಲಿಲ್ಲ. ಎರಡೂ ಗುಂಪಿನವರ ಬದುಕನ್ನು ನಲವತ್ತರ ವಯಸ್ಸಿನವರೆಗೂ ಗಮನಿಸಿದರು. ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಮೊದಲು ಕಂಡ ಮೇಲುಗೈ ಕೆಲವೇ ವರ್ಷಗಳಲ್ಲಿ ಕರಗಿಹೋಯಿತು. ಆದರೆ ಶಿಶುವಿಹಾರಕ್ಕೆ ಹೋದವರಲ್ಲಿ ಹೈಸ್ಕೂಲು ಮುಗಿಸಿದವರು, ಕೆಲಸದಲ್ಲಿ ನಿಂತವರು ಹೆಚ್ಚು ಇದ್ದರು. ಪೊಲೀಸರ ಕೈಗೆ ಸಿಕ್ಕವರು ಕಡಿಮೆ ಇದ್ದರು. ಅಳೆಯಲು ಸುಲಭವಾಗಿದ್ದದ್ದು ಹೋಯಿತು, ಬದುಕಿಗೆ ಬೇಕಾದದ್ದು ಉಳಿಯಿತು. ಇದನ್ನು ಓದಿದಾಗ ನನ್ನ ಕೋಣೆಯಲ್ಲಿ ನಾನು ಕಾಣುವುದಕ್ಕೆ ಒಂದು ಆಧಾರ ಸಿಕ್ಕಂತಾಯಿತು.

ಹಾಗಾದರೆ ಆ ಫಲವಾದರೂ ನನ್ನದೇ ಎನ್ನಬಹುದಲ್ಲ? ಅಲ್ಲಿ ಗೀತೆಯ ಕೊನೆಯ ಅಧ್ಯಾಯ ನನ್ನನ್ನು ತಡೆಯುತ್ತದೆ. ಯಾವ ಕೆಲಸ ಸಿದ್ಧಿಸಬೇಕಾದರೂ ಐದು ಕಾರಣಗಳು ಕೂಡಬೇಕು, ತಾನೊಬ್ಬನೇ ಕರ್ತೃ ಎಂದುಕೊಂಡವನಿಗೆ ಕಣ್ಣು ಸರಿಯಾಗಿ ಕಾಣುತ್ತಿಲ್ಲ ಎಂಬ ವಿಚಾರ ಅಲ್ಲಿದೆ: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ. ನಾನು ಇದನ್ನು ಕಂಡದ್ದು ಕಬ್ಬು ಕಡಿಯಲು ದೂರದಿಂದ ಬಂದ ಒಂದು ಸಂಸಾರದ ಹುಡುಗನಲ್ಲಿ. ಅವನು ದಿನವೂ ಬರುತ್ತಿದ್ದ, ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದ, ಮಾತೇ ಆಡುತ್ತಿರಲಿಲ್ಲ. ಹಾಡಿಸಿದೆ, ಬಣ್ಣ ಕೊಟ್ಟೆ, ಕತೆ ಹೇಳಿದೆ. ಅವನು ಕೊನೆಗೆ ಬಾಯಿ ಬಿಟ್ಟದ್ದು ನನ್ನ ಹತ್ತಿರ ಅಲ್ಲ. ಮೊಟ್ಟೆ ಸುಲಿಯುತ್ತಿದ್ದ ನಮ್ಮ ಸಹಾಯಕಿಯ ಮುಂದೆ ನಿಂತು, "ಯವ್ವಾ, ನಂಗೂ ತತ್ತಿ ಕೊಡು" ಎಂದ.

ಆ ಒಂದು ಮಾತಿನಲ್ಲಿ ಯಾರ ಪಾಲು ಎಷ್ಟು? ಹೆದರದೆ ಕೂರುವುದಕ್ಕೊಂದು ನೆಲ ಬೇಕಿತ್ತು, ಕೇಂದ್ರದ ಆ ಗೋಡೆ ಅವನಿಗೆ ನೆಲವಾಯಿತು. ಮಾತಾಡಿದವನು ಅವನೇ, ಕರ್ತೃ ಅವನು. ಹಾಡು, ಬಣ್ಣ, ಮೊಟ್ಟೆ ಎಲ್ಲವೂ ಕರಣಗಳು. ಸಹಾಯಕಿಯದು, ನನ್ನದು, ದಿನವೂ ಅವನ ಪಕ್ಕದಲ್ಲೇ ಬಂದು ಕೂರುತ್ತಿದ್ದ ಕುಂಬಾರಬೀದಿಯ ಹುಡುಗಿಯದು ಚೇಷ್ಟೆ. ಆ ದಿನವೇ ಯಾಕೆ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಅದಕ್ಕೆ ದೈವ ಎನ್ನುವುದೇ ಸರಿ. ಐದರಲ್ಲಿ ಒಂದರ ಒಂದು ಭಾಗ ನಾನು. ಹೀಗೆ ಲೆಕ್ಕ ಹಾಕಿದಾಗ ನನಗೆ ಬೇಸರವಾಗಲಿಲ್ಲ, ಮನಸ್ಸು ಹಗುರವಾಯಿತು. ಅಂದಿನಿಂದ ನೆಲ ಸರಿಯಿದೆಯೇ, ಪಕ್ಕದಲ್ಲಿ ಯಾರು ಕೂತಿದ್ದಾರೆ, ಕೈಗೆ ಏನು ಸಿಗುತ್ತಿದೆ ಎಂದು ನೋಡುವುದನ್ನು ಕಲಿತೆ. ಕೆಲಸದಲ್ಲಿ ಬೆಳೆಯುವುದು ಎಂದರೆ ನನ್ನ ಪಾಲಿಗೆ ಇದೇ. "ನಾನು ಕಲಿಸಿದೆ" ಎನ್ನುವುದು ಕಡಿಮೆಯಾದಷ್ಟೂ ಮಗು ಸ್ಪಷ್ಟವಾಗಿ ಕಾಣುತ್ತದೆ.

ತರಬೇತಿಗಳೂ ಈಗ ಅದೇ ದಿಕ್ಕಿನಲ್ಲಿವೆ. 2023ರಲ್ಲಿ ಕೇಂದ್ರ ಸರ್ಕಾರ 'ಪೋಷಣ್ ಭೀ ಪಢಾಯಿ ಭೀ' ಕಾರ್ಯಕ್ರಮ ಶುರುಮಾಡಿತು. ಊಟ ಕೊಟ್ಟು ತೂಕ ಬರೆದರೆ ಮುಗಿಯಲಿಲ್ಲ, ಆಟದಿಂದ ಕಲಿಸುವುದೂ ನಮ್ಮ ಕೆಲಸ ಎಂಬುದು ಅದರ ತಿರುಳು. ಅದಕ್ಕೂ ಮುಂಚೆ, 2022ರ ಅಕ್ಟೋಬರ್‌ನಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮಗುವಿನ ಬೆಳವಣಿಗೆಯನ್ನು ಪಂಚಕೋಶಗಳ ಮೂಲಕ ವಿವರಿಸುತ್ತದೆ. ಅನ್ನಮಯ, ಪ್ರಾಣಮಯ, ಮನೋಮಯ, ವಿಜ್ಞಾನಮಯ, ಆನಂದಮಯ. ತೈತ್ತಿರೀಯ ಉಪನಿಷತ್ತಿನ ಈ ವಿಚಾರ ಸರ್ಕಾರಿ ಪುಸ್ತಕದಲ್ಲಿ ಕಂಡಾಗ ನನಗೆ ನೆನಪಾದದ್ದು ಭೃಗುವಿನ ಕತೆ.

ಭೃಗು ತಂದೆ ವರುಣನ ಹತ್ತಿರ ಹೋಗಿ ಬ್ರಹ್ಮವನ್ನು ತಿಳಿಸು ಎನ್ನುತ್ತಾನೆ. ತಂದೆ ಅದರ ಗುರುತನ್ನಷ್ಟೇ ಹೇಳಿ, ತಪಸ್ಸಿನಿಂದ ನೀನೇ ತಿಳಿದುಕೋ ಎಂದು ಕಳಿಸುತ್ತಾನೆ. ಮಗ ಹೋಗುತ್ತಾನೆ, ಅನ್ನವೇ ಬ್ರಹ್ಮ ಎಂದು ಕಂಡುಕೊಂಡು ಮತ್ತೆ ಬರುತ್ತಾನೆ. ವರುಣ ಅದು ತಪ್ಪು ಎನ್ನುವುದಿಲ್ಲ, ಸರಿಯುತ್ತರವನ್ನು ಹೇಳಿಕೊಡುವುದೂ ಇಲ್ಲ. ಮತ್ತೆ ತಪಸ್ಸಿಗೆ ಕಳಿಸುತ್ತಾನೆ. ಪ್ರಾಣ, ಮನಸ್ಸು, ವಿಜ್ಞಾನ ದಾಟಿ ಆನಂದದವರೆಗೆ ಮಗ ತಾನೇ ನಡೆದು ಹೋಗುತ್ತಾನೆ. ಆನಂದ ಸಿಕ್ಕಿದ ಮೇಲೂ ಉಪನಿಷತ್ತು ಅನ್ನವನ್ನು ಕೈಬಿಡುವುದಿಲ್ಲ. ಅನ್ನವನ್ನು ಹೆಚ್ಚಿಸುವುದೂ ಬಾಗಿಲಿಗೆ ಬಂದವರನ್ನು ಹಿಂದಕ್ಕೆ ಕಳಿಸದಿರುವುದೂ ವ್ರತ ಎಂದೇ ಅದು ವಿಧಿಸುತ್ತದೆ. ಹಾಲು, ಮೊಟ್ಟೆ, ಬಿಸಿಯೂಟದಿಂದ ದಿನ ಶುರುಮಾಡುವ ನಮಗೆ ಇದಕ್ಕಿಂತ ಹತ್ತಿರದ ಶಾಸ್ತ್ರ ಬೇಕಿಲ್ಲ.

ವರುಣನ ತಾಳ್ಮೆಯನ್ನು ಊರಿನವರಿಗೆ ಒಪ್ಪಿಸುವುದು ಕಷ್ಟ. "ಕಾನ್ವೆಂಟ್ ಮಕ್ಳು ಎಬಿಸಿಡಿ ಬರೀತಾವೆ, ನಮ್ ಮಗ ಬರೀ ಮಣ್ಣಲ್ಲಿ ಆಡ್ಕಂಡು ಬತ್ತಾನಲ್ಲ ಮೇಡಮ್ಮೋರೆ" ಎಂದು ತಾಯಂದಿರು ಕೇಳುತ್ತಾರೆ. ಅವರ ಆತಂಕ ನನಗೆ ಅರ್ಥವಾಗುತ್ತದೆ. ಮಗ ಹಿಂದೆ ಬಿದ್ದುಬಿಟ್ಟರೆ ಎಂಬ ಭಯ ಬಡವರಿಗೆ ಉಳ್ಳವರಿಗಿಂತ ಹೆಚ್ಚು. ಅವರನ್ನು ಒಳಗೆ ಕರೆದು ಕೂರಿಸಿ, ಮಗು ಮಣ್ಣು ನಾದುವಾಗ ಬೆರಳು ಹೇಗೆ ಗಟ್ಟಿಯಾಗುತ್ತವೆ, ಹುಣಸೆಬೀಜ ಎಣಿಸುವಾಗ ಲೆಕ್ಕ ಹೇಗೆ ಬರುತ್ತದೆ ಎಂದು ತೋರಿಸುತ್ತೇನೆ. ಬೆರಳು ಬಲಿಯುವ ಮುಂಚೆ ಕೈಗೆ ಪೆನ್ಸಿಲ್ ತುರುಕಿದರೆ ಅಕ್ಷರ ಬರಬಹುದು, ಅಕ್ಷರದ ಮೇಲಿನ ಪ್ರೀತಿ ಬರುವುದಿಲ್ಲ. ಈ ಮಾತಿನಲ್ಲಿ ನಾನು ರಾಜಿಯಾಗುವುದಿಲ್ಲ.

ಇನ್ನೊಂದು ಮಾತು ಹೇಳದೆ ಹೋದರೆ ಈ ಬರಹ ಪ್ರಾಮಾಣಿಕವಾಗದು. ನಿಷ್ಕಾಮ ಸೇವೆ ಎಂಬ ಮಾತನ್ನು ನಮ್ಮ ಮುಂದೆ ಅತಿ ಸುಲಭವಾಗಿ ಆಡುತ್ತಾರೆ. ನಮಗೆ ಕೊಡುವುದಕ್ಕೆ ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತಾರೆ. ಅದರಲ್ಲಿ ಕೇಂದ್ರದ ದರ ಕಾರ್ಯಕರ್ತೆಗೆ ತಿಂಗಳಿಗೆ 4,500 ರೂಪಾಯಿ ಎಂದು 2018ರಲ್ಲಿ ನಿಗದಿಯಾಯಿತು, ಮೇಲಿನದು ರಾಜ್ಯ ಸೇರಿಸುವುದು. ಅಂಗನವಾಡಿಯವರಿಗೂ ಗ್ರಾಚುಯಿಟಿ ಕಾಯ್ದೆ ಅನ್ವಯಿಸುತ್ತದೆ ಎನ್ನುವುದಕ್ಕೆ 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ತೀರ್ಪೇ ಬೇಕಾಯಿತು. ಫಲದ ಆಸೆ ಬಿಡು ಎಂದು ಒಬ್ಬ ತನಗೆ ತಾನು ಹೇಳಿಕೊಂಡರೆ ಅದು ಧರ್ಮ. ಕೂಲಿ ಕೊಡಬೇಕಾದವರು ಅದನ್ನು ಕೂಲಿಯವಳಿಗೆ ಹೇಳಿದರೆ ಅದು ಅನ್ಯಾಯ.

ಕಾಯಕದ ವಿಚಾರವನ್ನು ನಮಗೆ ಕೊಟ್ಟ ಶರಣರು ಇದನ್ನು ತಿಳಿದಿದ್ದರು. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬರಲು ಕಳಿಸಿದಳು. ಆಕೆಯ ಆ ನಿಲುವಿಗೆ ತಲೆಬಾಗುತ್ತೇನೆ. ಆದರೆ ಗಮನಿಸಿ: ಹೆಚ್ಚಿನದನ್ನು ಬೇಡವೆಂದದ್ದು ಲಕ್ಕಮ್ಮನೇ, ಅವಳ ಪರವಾಗಿ ಇನ್ನೊಬ್ಬರಲ್ಲ. ಆ ದಿನಕ್ಕೆ ಬೇಕಾದ ಅಕ್ಕಿಯನ್ನು ಅವಳೂ ಉಳಿಸಿಕೊಂಡಳು. ಅದರಿಂದಲೇ ಮನೆಯೂ ನಡೆಯಿತು, ದಾಸೋಹವೂ ನಡೆಯಿತು. ಮಗು ನನ್ನನ್ನು ಮರೆಯಲಿ, ಆ ಫಲವನ್ನು ನಾನು ಸಂತೋಷದಿಂದ ಬಿಟ್ಟಿದ್ದೇನೆ. ಸಮಾಜ ಮತ್ತು ಸರ್ಕಾರ ಮರೆಯುವುದಕ್ಕೆ ವಯಸ್ಸಿನ ನೆಪವಿಲ್ಲ.

ಹುಟ್ಟಿದ ಮನುಷ್ಯನಿಗೆ ಮೂರು ಋಣಗಳಿವೆ, ಅವುಗಳಲ್ಲಿ ಋಷಿಋಣ ಒಂದು ಎನ್ನುತ್ತದೆ ನಮ್ಮ ಪರಂಪರೆ. ಕಲಿಸಿದವರು ಇಲ್ಲದಿದ್ದರೂ ಅದನ್ನು ತೀರಿಸಬೇಕು. ಕಲಿತು, ಕಲಿಕೆ ಮುಂದೆ ಸಾಗುವಂತೆ ನೋಡಿಕೊಳ್ಳುವುದೇ ಅದರ ದಾರಿ. ಇದನ್ನು ಓದುತ್ತಿರುವ ನಿಮಗೂ ಯಾರೋ ಒಬ್ಬರು ಕೈ ತೊಳೆಯುವುದನ್ನು, ಕಾಯುವುದನ್ನು, ಹಂಚಿ ತಿನ್ನುವುದನ್ನು ಕಲಿಸಿದ್ದಾರೆ. ಅವರ ಮುಖ ನಿಮಗೆ ನೆನಪಿಲ್ಲ. ನೆನಪಿಸಿಕೊಳ್ಳಲು ಕಷ್ಟಪಡಬೇಡಿ. ನಿಮ್ಮ ಊರಿನ ಅಂಗನವಾಡಿಗೆ ಒಂದು ಬೆಳಿಗ್ಗೆ ಹೋಗಿ, ಚಾಪೆಯ ಮೇಲೆ ಮಕ್ಕಳ ಜೊತೆ ಕೂತು ನೋಡಿ. ಸೂರು ಸೋರುತ್ತಿದ್ದರೆ ಪಂಚಾಯಿತಿಯಲ್ಲಿ ಕೇಳಿ, ಅಲ್ಲಿ ಕೆಲಸ ಮಾಡುವ ಹೆಂಗಸರಿಗೆ ನ್ಯಾಯವಾದ ಸಂಬಳ ಸಿಗಬೇಕೆಂದು ಹೇಳುವ ಕಡೆ ಹೇಳಿ. ಋಣ ತೀರಿಸುವುದೆಂದರೆ ಇದೇ.