ವಾಲ್ವಿನ ಕೆಳಗಿನ ದೀಪ

ನಾನು ಕಟ್ಟಿದ ಹೆಡ್‌ಫೋನ್ ಆಂಪ್ಲಿಫೈಯರ್‌ನಲ್ಲಿ ಒಂದು ಸುಳ್ಳಿತ್ತು. ಅದರ ಬೆಲೆ ಎರಡು ರೂಪಾಯಿ. ಗಾಜಿನ ವಾಲ್ವನ್ನು ಸಿಕ್ಕಿಸುವ ಸಾಕೆಟ್ಟಿನ ನಡುವೆ ಒಂದು ತೂತಿರುತ್ತದೆ. ಅದರೊಳಗೆ ಕಿತ್ತಳೆ ಬಣ್ಣದ ಎಲ್‌ಇಡಿಯೊಂದನ್ನು ಕೂರಿಸಿದ್ದೆ. ಸ್ವಿಚ್ ಹಾಕಿದರೆ ಇಡೀ ವಾಲ್ವು ಕೆಂಡದ ಹಾಗೆ ಹೊಳೆಯುತ್ತಿತ್ತು. ನಿಜವಾದ ಕಾವು ಕಾಣುವುದು ಲೋಹದ ತಗಡುಗಳ ಸಂದಿಯಲ್ಲಿ, ಒಂದು ಮಂಕು ಚುಕ್ಕಿಯಾಗಿ ಮಾತ್ರ. ಅಷ್ಟು ಸಾಲದು ಅನ್ನಿಸಿತ್ತು.

ಪಿಎಚ್.ಡಿ.ಯ ಮೂರನೇ ಅಧ್ಯಾಯ ಮುಂದಕ್ಕೆ ಹೋಗದೆ ನಿಂತಿದ್ದ ದಿನಗಳವು. ಸಂಜೆ ಮಾನಸಗಂಗೋತ್ರಿಯಿಂದ ರೂಮಿಗೆ ಬಂದು ಬೆಸುಗೆ ಹಾಕುವುದು ಕಲಿತೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಒಂದು 12ಎಯು7 ವಾಲ್ವು, ಎರಡು ಐಆರ್‌ಎಫ್510 ಮಾಸ್ಫೆಟ್, ಶಾಖ ಹೀರುವ ಅಲ್ಯೂಮಿನಿಯಂ ತುಂಡುಗಳು, ಇಷ್ಟನ್ನು ತಂದೆ. ಇದನ್ನು ಹೈಬ್ರಿಡ್ ಎನ್ನುತ್ತಾರೆ. ವಾಲ್ವು ವೋಲ್ಟೇಜನ್ನು ಹಿಗ್ಗಿಸಬಲ್ಲದು, ಆದರೆ 32 ಓಮ್ ಹೆಡ್‌ಫೋನಿಗೆ ಬೇಕಾದಷ್ಟು ಕರೆಂಟನ್ನು ನೇರವಾಗಿ ಹರಿಸಲಾರದು. ಆ ಹೊರೆ ಮಾಸ್ಫೆಟ್ಟಿನದು. ಒಬ್ಬರು ಹಾಡುತ್ತಾರೆ, ಇನ್ನೊಬ್ಬರು ಪಲ್ಲಕ್ಕಿ ಹೊರುತ್ತಾರೆ ಅಂದುಕೊಳ್ಳಿ.

100ರಿಂದ 250 ವೋಲ್ಟಿನಲ್ಲಿ ಕೆಲಸ ಮಾಡಬೇಕಾದ ಈ ವಾಲ್ವಿಗೆ ನಾನು ಕೊಟ್ಟದ್ದು ಅಡಾಪ್ಟರಿನ 12 ವೋಲ್ಟು. ಅರೆಹೊಟ್ಟೆಯ ವಾಲ್ವು ಬಂದ ಸದ್ದನ್ನು ಇದ್ದಂತೆ ದಾಟಿಸುವುದಿಲ್ಲ, ಕೊಂಚ ಬಾಗಿಸುತ್ತದೆ. ಟ್ರಯೋಡ್ ವಾಲ್ವು ಬಾಗಿಸಿದಾಗ ಹೆಚ್ಚಾಗಿ ಹುಟ್ಟುವುದು ಮೂಲ ಕಂಪನದ ಎರಡರಷ್ಟು ಕಂಪನ. ಸಂಗೀತದ ಮಾತಿನಲ್ಲಿ ಹೇಳಿದರೆ, ಷಡ್ಜ ಕೊಟ್ಟರೆ ಅದು ತಾರಷಡ್ಜವನ್ನೂ ಸೇರಿಸಿ ಕೊಡುತ್ತದೆ. ತಪ್ಪೇ, ಆದರೆ ಶ್ರುತಿ ಬಿಡದ ತಪ್ಪು. ತಂಬೂರಿಯ ತಂತಿಯಡಿ ನೂಲೆಳೆ ಸಿಕ್ಕಿಸಿ ನಾದ ಝೇಂಕರಿಸುವಂತೆ ಮಾಡುತ್ತಾರಲ್ಲ, ಅಲ್ಲೂ ತಂತಿಗೆ ಸ್ವರಗಳನ್ನು ಕೂಡಿಸುವುದೇ ನಡೆಯುತ್ತದೆ. ಅದನ್ನು ಯಾರೂ ವಿಕೃತಿ ಎನ್ನುವುದಿಲ್ಲ. ಆ ನೂಲಿಗೆ ‘ಜೀವ’ ಎಂದೇ ಹೆಸರು.

ಹಾಗಾಗಿ ವಾಲ್ವಿನ ಬಣ್ಣ ಹಚ್ಚುವ ಗುಣದ ಬಗ್ಗೆ ನನಗೆ ತಕರಾರಿರಲಿಲ್ಲ. ತಕರಾರು ಶುರುವಾದದ್ದು ತಾತ ಕೇಳಿದ ಮೇಲೆ.

ಆಂಪ್ಲಿಫೈಯರನ್ನು ಊರಿಗೆ ಒಯ್ದಿದ್ದೆ. ಅವರ ಕಿವಿಗೆ ಹೆಡ್‌ಫೋನ್ ಹಾಕಿ ಸ್ವಿಚ್ ಒತ್ತಿದೆ. ವಾಲ್ವು ಕಾಯುವ ತನಕ ಸದ್ದಿಲ್ಲ. ತಾತ ಕಾಯುತ್ತಾ ಕಿತ್ತಳೆ ಬೆಳಕನ್ನೇ ನೋಡುತ್ತಿದ್ದರು. ನಂತರ ವೀಣೆ ಮೂಡಿತು. “ಇದು ನಮ್ಮ ಮರ್ಫಿ ದನಿ ಕಣೋ” ಅಂದರು. ಕಣ್ಣು ಒದ್ದೆಯಾಗಿತ್ತು. ನನಗೆ ಹೆಮ್ಮೆಯಾಯಿತು, ಸುಳ್ಳು ಹೇಳುವುದಿಲ್ಲ.

ಮೈಸೂರಿಗೆ ಮರಳಿದ ಮೇಲೆ ಸಣ್ಣದೊಂದು ಪರೀಕ್ಷೆ ಮಾಡಿದೆ. ವಾಲ್ವನ್ನು ಬಳಸಿ ಒಂದು ದಾರಿ, ಬಿಟ್ಟು ಇನ್ನೊಂದು ದಾರಿ, ನಡುವೆ ಒಂದು ಸ್ವಿಚ್. ಎರಡರ ಸದ್ದಿನ ಮಟ್ಟವನ್ನೂ ಸಮ ಮಾಡಿದೆ, ಏಕೆಂದರೆ ತುಸು ಜೋರಾದದ್ದೇ ಕಿವಿಗೆ ಚೆನ್ನಾಗಿ ಕೇಳುತ್ತದೆ. ನಾನು ಗೋಡೆಯತ್ತ ತಿರುಗಿ ಕುಳಿತೆ, ರೂಮಿನ ಗೆಳೆಯ ಸ್ವಿಚ್ ತಿರುಗಿಸಿದ. ತಾತ ಕೇಳಿದಷ್ಟೇ ಮೆಲುದನಿ. 20 ಸಲದಲ್ಲಿ 11 ಸಲ ಸರಿ ಹೇಳಿದೆ. ನಾಣ್ಯ ಚಿಮ್ಮಿದ್ದರೂ ಹತ್ತರ ಹತ್ತಿರ ಬರುತ್ತಿತ್ತು. ಜೋರಾಗಿ ಇಟ್ಟರೆ ವ್ಯತ್ಯಾಸ ಕೇಳುತ್ತದೆ, ನಿಜ. ಆದರೆ ತಾತ ಜೋರಾಗಿ ಕೇಳಿರಲಿಲ್ಲ. ಅವರ ಕಣ್ಣು ತುಂಬಿಸಿದ್ದು ತಾರಷಡ್ಜವಲ್ಲ, ನನ್ನ ಎರಡು ರೂಪಾಯಿಯ ದೀಪ.

ನಮ್ಮ ದರ್ಶನಗಳಲ್ಲಿ ಭ್ರಮೆಗೆ ಎರಡು ಉದಾಹರಣೆಗಳಿವೆ. ಹಗ್ಗದಲ್ಲಿ ಹಾವು ಎಲ್ಲರಿಗೂ ಗೊತ್ತು: ಹಗ್ಗವೆಂದು ತಿಳಿದ ಕೂಡಲೇ ಹಾವು ಮಾಯ. ಇನ್ನೊಂದು, ದಾಸವಾಳದ ಪಕ್ಕದ ಸ್ಫಟಿಕ. ಸ್ಫಟಿಕಕ್ಕೆ ಬಣ್ಣವಿಲ್ಲವೆಂದು ನಿಮಗೆ ಚೆನ್ನಾಗಿ ಗೊತ್ತು. ಆದರೂ ಹೂವು ಅಲ್ಲಿರುವ ತನಕ ಅದು ಕೆಂಪಾಗಿಯೇ ಕಾಣುತ್ತದೆ. ಹೂವು ಇಲ್ಲಿ ಉಪಾಧಿ, ಭ್ರಮೆ ಸೋಪಾಧಿಕ. ತರಗತಿಯಲ್ಲಿ ಇದನ್ನು ಎಷ್ಟೋ ಸಲ ಓದಿದ್ದೆ. ನನ್ನ ಮೇಜಿನ ಮೇಲೇ ಗಾಜೊಂದು ಕೆಳಗಿನ ದೀಪದಿಂದ ಕೆಂಪಾಗಿ ಕುಳಿತಿದೆ ಎಂಬುದು ಹೊಳೆಯಲು ವಾರ ಹಿಡಿಯಿತು. ಸಂಶೋಧಕರ ಪಾಡು.

ಪರೀಕ್ಷೆಯಾದ ಮೇಲೂ ದೀಪ ಹಾಕಿದರೆ ನನಗೆ ಹಾಡು ಬೆಚ್ಚಗೆ ಕೇಳುತ್ತದೆ. ತಿಳಿವಳಿಕೆ ಭ್ರಮೆಯನ್ನು ಕಳೆಯಲಿಲ್ಲ. ಅದರಿಂದ ನನಗೆ ನಷ್ಟವೂ ಇಲ್ಲ, ಹೂವು ಎಲ್ಲಿದೆ ಎಂದು ನನಗೆ ಗೊತ್ತಿದೆ. ತಾತನಿಗೆ ಗೊತ್ತಿಲ್ಲ, ಮತ್ತು ಅದನ್ನು ಅಲ್ಲಿಟ್ಟವನು ನಾನು. ‘ಅವರಿಗೆ ಸಂತೋಷವಾಯಿತಲ್ಲ, ಬಿಡು’ ಅಂದ ಗೆಳೆಯ. ಈ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಅವರ ಸಂತೋಷ ನಿಜ, ಆದರೆ ಅವರು ಮೆಚ್ಚಿದ್ದು ನನ್ನ ಕೈಕೆಲಸವನ್ನು. ಆ ಮೆಚ್ಚುಗೆಯನ್ನು ನಾನು ಗಳಿಸಿರಲಿಲ್ಲ.

ಈ ಊರಿಗೆ ರೇಡಿಯೋ ತಂದವರು ಎಂಜಿನಿಯರಲ್ಲ, ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ, 30 ವ್ಯಾಟಿನ ಪುಟ್ಟ ಟ್ರಾನ್ಸ್‌ಮಿಟರಿನಲ್ಲಿ ಪ್ರಸಾರ ಶುರುಮಾಡಿದರು. ಆಗ ಟ್ರಾನ್ಸಿಸ್ಟರ್ ಇನ್ನೂ ಹುಟ್ಟಿರಲಿಲ್ಲ, ಇದ್ದದ್ದೆಲ್ಲ ವಾಲ್ವೇ. ಕೇಳುವುದರಲ್ಲಿ ಕಿವಿಯ ಪಾಲೆಷ್ಟು, ಮನಸ್ಸಿನ ಪಾಲೆಷ್ಟು ಎಂಬ ನನ್ನ ತೊಡಕು ಅವರಿಗೆ ರುಚಿಸುತ್ತಿತ್ತೋ ಏನೋ.

ಮುಂದಿನ ಸಲ ಊರಿಗೆ ಹೋದಾಗ ಹೇಳಿಬಿಟ್ಟೆ. “ತಾತ, ಆ ಬೆಳಕು ವಾಲ್ವಿಂದಲ್ಲ. ಕೆಳಗೆ ದೀಪ ಇಟ್ಟಿದ್ದೀನಿ.”

ತಾತ ಬೇಸರಪಡಲಿಲ್ಲ. ವಾಲ್ವನ್ನು ಬಗ್ಗಿ ನೋಡಿದರು. “ನಮ್ಮ ಮರ್ಫೀಲೂ ದೀಪ ಬೇರೇನೇ ಇತ್ತು ಕಣೋ. ಮುಳ್ಳಿನ ಹಿಂದೆ, ಸಣ್ಣ ಬಲ್ಬು. ಎರಡು ಸಲ ನಾನೇ ಬದಲಾಯಿಸಿದ್ದೆ. ಅದು ಹೋದರೂ ಹಾಡು ಬರ್ತಿತ್ತು, ಸ್ಟೇಷನ್ ಎಲ್ಲಿದೆ ಅಂತ ಕಾಣ್ತಿರಲಿಲ್ಲ ಅಷ್ಟೆ.” ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: “ನಿಂದು ಏನು ತೋರಿಸುತ್ತೆ?”

ಏನೂ ತೋರಿಸುತ್ತಿರಲಿಲ್ಲ. ಅಲ್ಲೇ ಕೂತು ಸಾಕೆಟ್ಟಿನಿಂದ ಎಲ್‌ಇಡಿ ಕಿತ್ತೆ. ತಾತನಿಗೆ ಈಗ ಕಣ್ಣು ಮಂಜು, ಸದ್ದು ಹೆಚ್ಚಿಸುವ ಗುಂಡಿ ಸಂಜೆಯ ಹೊತ್ತು ಕಾಣುವುದಿಲ್ಲ. ಡಬ್ಬಿಯ ಮುಂದೆ, ಗುಂಡಿಯ ಪಕ್ಕ ಒಂದು ತೂತು ಕೊರೆದು ದೀಪವನ್ನು ಅಲ್ಲಿ ಸೇರಿಸಿದೆ.