ಎಣಿಕೆಯಲ್ಲಿ ತಪ್ಪಿಹೋದವರು

ಕಳೆದ ಬೇಸಿಗೆಯ ಮಾತು. ಮಾನ್ವಿ ತಾಲೂಕಿನ ಒಂದು ಹಳ್ಳಿಯಲ್ಲಿ ಮನೆಭೇಟಿಗೆ ಹೊರಟಿದ್ದೆ. ಕೈಯಲ್ಲಿ ಧರ್ಮಕೇಂದ್ರದ ಕುಟುಂಬಗಳ ಪುಸ್ತಕವಿತ್ತು. ಒಂದು ಮನೆಗೆ ಬೀಗ ಬಿದ್ದಿತ್ತು. "ಗುಳೆ ಹೋಗ್ಯಾರ್ರಿ, ಬೆಂಗಳೂರಿಗೆ" ಎಂದರು ಪಕ್ಕದ ಮನೆಯವರು. ಆ ಕುಟುಂಬದ ಹೆಸರುಗಳ ಮುಂದೆ "ಇಲ್ಲ" ಎಂದು ಬರೆದು ಮುಂದಕ್ಕೆ ನಡೆದೆ. ಎರಡು ತಿಂಗಳ ಮೇಲೆ ಅದೇ ಓಣಿಯಲ್ಲಿ ವಯಸ್ಸಾದ ತಾಯಿಯೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. ಮಗ-ಸೊಸೆ ದುಡಿಯಲು ಹೋದ ಮೇಲೆ ಮೊಮ್ಮಕ್ಕಳಿಬ್ಬರನ್ನು ಕಟ್ಟಿಕೊಂಡು ಅವರು ಹಿತ್ತಲಿನ ಗುಡಿಸಿಲಿನಲ್ಲೇ ಇದ್ದರಂತೆ. ನಾನು ಹೋದ ವಾರವೇ ಸಣ್ಣ ಹುಡುಗನಿಗೆ ಜ್ವರ ಬಂದು, ಆಸ್ಪತ್ರೆಗೆ ಕರೆದುಕೊಂಡು ಹೋಗಲು ಜೊತೆಗೆ ಯಾರೂ ಇಲ್ಲದೆ ಎಂಟು ದಿನ ಮಲಗಿದ್ದನಂತೆ. "ನಾ ಇಲ್ಲೇ ಇದ್ದೆನಲ್ರೀ ಸ್ವಾಮಿ. ನೀವು ಬೀಗ ನೋಡಿ ಹೋಗಿಬಿಟ್ರಿ" ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಹುಡುಗ ಬದುಕಿದ. ಆದರೆ ನನ್ನ ಪುಸ್ತಕದ ಆ "ಇಲ್ಲ" ಎಂಬ ಎರಡಕ್ಷರ ಇಂದಿಗೂ ನನ್ನನ್ನು ಕಾಡುತ್ತಿದೆ. ಮನುಷ್ಯರನ್ನು ಎಣಿಸುವುದು ಎಂದರೇನು? ಅದು ಅವರಿಗೆ ಗೌರವ ಕೊಡುವ ಕೆಲಸವೋ, ಅವರನ್ನು ಅಂಕಿಯಾಗಿ ಕುಗ್ಗಿಸುವ ಕೆಲಸವೋ?

ಸಮಾಜವನ್ನು ಲೆಕ್ಕದ ಕಣ್ಣಿನಿಂದ ನೋಡುವ ಈಗಿನ ರೀತಿ ಬಹಳ ಹಳೆಯದೇನಲ್ಲ. ಅದು ರೂಪ ತಳೆದದ್ದು ಹದಿನೇಳನೆಯ ಶತಮಾನದ ಯೂರೋಪಿನಲ್ಲಿ. ಅದಕ್ಕೆ ಮುಂಚೆ ಸಮಾಜವೆಂದರೆ ಒಂದು ದೇಹ ಎಂದು ಪಂಡಿತರು ಹೇಳುತ್ತಿದ್ದರು. ಅರಸ ತಲೆ, ಸೈನಿಕ ಕೈ, ಉಳುವವನು ಕಾಲು. ನಮ್ಮ ದೇಶದಲ್ಲಿಯೂ ಇಂಥದೇ ಚಿತ್ರವಿತ್ತು. ಅಂಗಗಳು ಒಂದಕ್ಕೊಂದು ಬೇಕು ಎಂಬುದು ಈ ಚಿತ್ರದ ಸೊಗಸು. ಕಾಲು ಎಂದೆಂದಿಗೂ ಕಾಲಾಗಿಯೇ ಇರಬೇಕು ಎಂಬುದು ಅದರ ಕ್ರೌರ್ಯ.

1610ರಲ್ಲಿ ಗೆಲಿಲಿಯೋ ತನ್ನ ದೂರದರ್ಶಕದಿಂದ ಕಂಡದ್ದನ್ನು ಪ್ರಕಟಿಸಿದ. ಚಂದ್ರನ ಮೇಲೆಯೂ ಬೆಟ್ಟ-ಕಣಿವೆಗಳಿವೆ, ನಮ್ಮ ಭೂಮಿಯಲ್ಲಿರುವಂತೆಯೇ. ಮೇಲಿನ ಲೋಕದ ವಸ್ತು ಶ್ರೇಷ್ಠ, ಕೆಳಗಿನದು ಕನಿಷ್ಠ ಎಂಬ ಹಳೆಯ ನಂಬಿಕೆಗೆ ಅಲ್ಲಿ ಬಿರುಕು ಬಿತ್ತು. 1633ರಲ್ಲಿ ಧರ್ಮಸಭೆಯ ನ್ಯಾಯಪೀಠ ಆತನಿಗೆ ಶಿಕ್ಷೆ ವಿಧಿಸಿತು. ಆತನ ವಿಷಯದಲ್ಲಿ ತಪ್ಪು ನಡೆಯಿತೆಂದು ಜಗದ್ಗುರು ಎರಡನೆಯ ಜಾನ್ ಪಾಲರು 1992ರಲ್ಲಿ ಒಪ್ಪಿಕೊಂಡರು. ಆಕಾಶದಲ್ಲಿ ಮೇಲು-ಕೀಳು ಅಳಿದ ಮೇಲೆ ಊರಿನಲ್ಲಿ ಅದು ಪ್ರಶ್ನೆಯಿಲ್ಲದೆ ಉಳಿಯಲು ಸಾಧ್ಯವೇ? ಗೆಲಿಲಿಯೋನನ್ನು ಬಹುವಾಗಿ ಮೆಚ್ಚಿಕೊಂಡಿದ್ದ ಇಂಗ್ಲೆಂಡಿನ ಥಾಮಸ್ ಹಾಬ್ಸ್ 1651ರಲ್ಲಿ ಮನುಷ್ಯರು ಸ್ವಭಾವತಃ ಸಮಾನರು, ರಾಜ್ಯವು ಅವರು ತಮ್ಮತಮ್ಮಲ್ಲೇ ಮಾಡಿಕೊಂಡ ಒಪ್ಪಂದ ಎಂದು ವಾದಿಸಿದ. ಆ ಸಮಾನರನ್ನೆಲ್ಲ ಒಬ್ಬ ಸರ್ವಾಧಿಕಾರಿಯ ಕೈಗೆ ಒಪ್ಪಿಸಿದ್ದು ಬೇರೆ ಮಾತು. 1689ರಲ್ಲಿ ಜಾನ್ ಲಾಕ್, ಜನರ ಸಮ್ಮತಿಯಿಲ್ಲದ ಆಳ್ವಿಕೆಗೆ ಹಕ್ಕಿಲ್ಲವೆಂದ.

ಸಮಾನತೆಯ ಮಾತು ಯೂರೋಪಿನಲ್ಲೇ ಹುಟ್ಟಿತೆಂದು ನಾನು ಹೇಳುತ್ತಿಲ್ಲ. ಹನ್ನೆರಡನೆಯ ಶತಮಾನದಲ್ಲೇ ನಮ್ಮ ಕಲ್ಯಾಣದ ಶರಣರು ಕುಲದ ಏಣಿಯನ್ನು ಕಿತ್ತೊಗೆಯಲು ಹೊರಟಿದ್ದರು. ಯೂರೋಪಿನಲ್ಲಿ ಹೊಸದಾಗಿ ಬಂದದ್ದು ಸಮಾಜವನ್ನು ಅಳೆಯಬಹುದು ಎಂಬ ವಿಶ್ವಾಸ.

ಅಳೆಯಲು ಬೇಕಾದ ಪುಸ್ತಕಗಳು ಅವರಿಗೆ ಎಲ್ಲಿ ಸಿಕ್ಕವು ಗೊತ್ತೇ? ಗುಡಿ-ಚರ್ಚುಗಳಂಥ ಕಡೆಯಲ್ಲಿ. ಮದುವೆಗಳನ್ನು ದಾಖಲೆ ಪುಸ್ತಕದಲ್ಲಿ ಬರೆದಿಡಬೇಕೆಂದು 1563ರಲ್ಲಿ ಟ್ರೆಂಟ್ ಮಹಾಸಭೆ ಧರ್ಮಕೇಂದ್ರದ ಗುರುಗಳಿಗೆ ವಿಧಿಸಿತ್ತು. ಲಂಡನ್ನಿನಲ್ಲಿಯೂ ಚರ್ಚುಗಳ ಗುಮಾಸ್ತರು ವಾರವಾರವೂ ಸತ್ತವರ ಪಟ್ಟಿ ಕೊಡುತ್ತಿದ್ದರು. ಜಾನ್ ಗ್ರಾಂಟ್ ಎಂಬ ಒಬ್ಬ ಬಟ್ಟೆ-ಗುಂಡಿ ವ್ಯಾಪಾರಿ ಆ ಪಟ್ಟಿಗಳನ್ನೆಲ್ಲ ಕೂಡಿಹಾಕಿ, ಯಾವ ವಯಸ್ಸಿನವರು, ಯಾವ ರೋಗದಿಂದ, ಎಷ್ಟು ಜನ ಸಾಯುತ್ತಾರೆಂದು 1662ರಲ್ಲಿ ಲೆಕ್ಕ ಹಾಕಿ ತೋರಿಸಿದ. ಶಿಶುಗಳ ಸಾವು ಅದುವರೆಗೆ ಆಯಾ ಮನೆಯ ದುಃಖವಾಗಿತ್ತು. ಈಗ ಅದು ಊರಿನ ಪ್ರಶ್ನೆಯಾಯಿತು. ಇದು ಎಣಿಕೆ ಮಾಡಿದ ಉಪಕಾರ.

ಗ್ರಾಂಟನ ಗೆಳೆಯ ವಿಲಿಯಂ ಪೆಟ್ಟಿ ವೈದ್ಯ. ರಾಜ್ಯದ ವಿಷಯವನ್ನೆಲ್ಲ ಅಂಕಿ, ತೂಕ, ಅಳತೆಗಳಲ್ಲೇ ಹೇಳಬೇಕೆಂದವನು ಆತ. 1655ರಲ್ಲಿ ಆರಂಭಿಸಿ ಐರ್ಲೆಂಡಿನ ಹೊಲಗದ್ದೆಗಳನ್ನು ಅಪಾರ ಜಾಣ್ಮೆಯಿಂದ ಅಳೆಸಿದ. ಏತಕ್ಕಾಗಿ? ಸೋತ ಕಥೋಲಿಕರಿಂದ ಕಿತ್ತುಕೊಂಡ ಭೂಮಿಯನ್ನು ಗೆದ್ದ ಸೈನಿಕರಿಗೂ ಸಾಲ ಕೊಟ್ಟವರಿಗೂ ಹಂಚುವುದಕ್ಕಾಗಿ. ಅಳತೆಯಲ್ಲಿ ತಪ್ಪಿರಲಿಲ್ಲ. ಅನ್ಯಾಯವನ್ನು ಅಚ್ಚುಕಟ್ಟಾಗಿ ಮಾಡಲು ಅದು ನೆರವಾಯಿತು. 1787ರಲ್ಲಿ ಬರೆದ ಅಮೆರಿಕದ ಸಂವಿಧಾನವಂತೂ ಪ್ರತಿನಿಧಿಗಳ ಲೆಕ್ಕಕ್ಕೆ ಗುಲಾಮರನ್ನು ಐದರಲ್ಲಿ ಮೂರು ಪಾಲಾಗಿ ಎಣಿಸಿತು. ಅದೇ ಗಣಿತ, ಅದೇ ಶತಮಾನಗಳ ಜ್ಞಾನ. ಒಂದು ಕಡೆ ಮಗುವಿನ ಸಾವನ್ನು ಕಾಣಿಸಿತು, ಇನ್ನೊಂದು ಕಡೆ ಇಡೀ ಮನುಷ್ಯನನ್ನು ಮರೆಮಾಡಿತು.

ಇದೆಲ್ಲ ದೂರದ ಕಥೆ ಎನ್ನಬೇಡಿ. ನಮ್ಮ ಕಡೆ ಹಿರಿಯರು ಈಗಲೂ ಹೊಲವನ್ನು ಕೂರಿಗೆ ಲೆಕ್ಕದಲ್ಲಿ ಹೇಳುತ್ತಾರೆ. ಪಹಣಿಯಲ್ಲಿ ಇರುವುದು ಎಕರೆ, ಗುಂಟೆ. ಒಂದು ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲ. ಆ 33 ಅಡಿಯ ಸರಪಳಿ, ಇಂಗ್ಲೆಂಡಿನ ಎಡ್ಮಂಡ್ ಗುಂಟರ್ 1620ರ ಸುಮಾರಿಗೆ ರೂಪಿಸಿದ 66 ಅಡಿ ಸರಪಳಿಯ ಸರಿ ಅರ್ಧ. ಗುಂಟರ್ ಗಣಿತಜ್ಞ, ಜೊತೆಗೆ ಪಾದ್ರಿ. ಗೌಡನ ಹೊಲಕ್ಕೂ ಬಡವನ ಹೊಲಕ್ಕೂ ಒಂದೇ ಸರಪಳಿ ಎಂಬುದು ಸಣ್ಣ ಮಾತಲ್ಲ. ಆದರೆ ತಲೆಮಾರುಗಳಿಂದ ಉತ್ತು ಬಿತ್ತಿದರೂ ಪಹಣಿಯಲ್ಲಿ ಹೆಸರಿಲ್ಲದವನು ಆ ಸರಪಳಿಗೆ ಕಾಣಲಿಲ್ಲ.

ಎಣಿಕೆಯಿಂದ ನಮಗೆ ಆದ ಒಳಿತನ್ನೂ ಹೇಳಬೇಕು. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ಕೊಟ್ಟ ವರದಿ ರಾಜ್ಯದ 175 ತಾಲೂಕುಗಳನ್ನು 35 ಮಾನದಂಡಗಳಿಂದ ಅಳೆಯಿತು. 114 ತಾಲೂಕುಗಳು ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದು ಹೇಳಿತು. ಆ 39ರಲ್ಲಿ ದೇವದುರ್ಗವೂ ಇತ್ತು, ಮಾನ್ವಿಯೂ ಇತ್ತು. "ನಮ್ಮನ್ನು ಯಾರೂ ಕೇಳೋರಿಲ್ಲ" ಎಂಬ ನಮ್ಮ ಜನರ ಅಳಲು ಆವರೆಗೆ ಬರೀ ಗೊಣಗಾಟ ಎನಿಸಿಕೊಂಡಿತ್ತು. ಅಂಕಿಯ ಬಾಯಲ್ಲಿ ಬಂದಾಗ ಅದು ಸಾಕ್ಷ್ಯವಾಯಿತು. ಸಂವಿಧಾನದ 371-ಜೆ ವಿಧಿಯನ್ನು ತಂದ 2012ರ 98ನೆಯ ತಿದ್ದುಪಡಿಯ ಹಿಂದೆಯೂ ಇಂಥ ಸಾಕ್ಷ್ಯದ ಬಲವಿತ್ತು. ಅದರಿಂದ ಇಂದು ನಮ್ಮ ಮಕ್ಕಳಿಗೆ ಕಾಲೇಜಿನಲ್ಲಿ, ನೌಕರಿಯಲ್ಲಿ ಮೀಸಲು ಸಿಕ್ಕಿದೆ.

ಆದರೂ ಅಂಕಿಗೆ ಒಂದು ದೌರ್ಬಲ್ಯವಿದೆ. ಅದು ಸರಾಸರಿಯನ್ನು ಹೇಳುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಉದ್ದ 227 ಕಿಲೋಮೀಟರ್. ಅಣೆಕಟ್ಟಿನಿಂದ ಬಿಟ್ಟ ನೀರನ್ನು ಒಟ್ಟು ಎಕರೆಗೆ ಭಾಗಿಸಿ ನೋಡಿ, ಕಾಗದದ ಮೇಲೆ ಎಲ್ಲರ ಹೊಲವೂ ಹಸಿರು. ಆದರೆ ಕಾಲುವೆಯ ಕೊನೆಯಲ್ಲಿರುವ ಮಾನ್ವಿ, ರಾಯಚೂರು ಭಾಗದ ರೈತನನ್ನು ಕೇಳಿ. ಮೇಲ್ಭಾಗದಲ್ಲಿ ಭತ್ತಕ್ಕೆ ಕಟ್ಟಿ ಉಳಿದ ನೀರು ಅವನ ತೂಬಿಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಸರಾಸರಿ ನೀರಿನಿಂದ ಯಾವ ಪೈರೂ ಬೆಳೆಯುವುದಿಲ್ಲ.

ಹಾಗಾದರೆ ಎಣಿಸಬೇಕೋ, ಬೇಡವೋ? ಯೇಸುಸ್ವಾಮಿ ಹೇಳಿದ ಕಳೆದುಹೋದ ಕುರಿಯ ಸಾಮತಿ ನಮಗೆಲ್ಲ ಬಾಯಿಪಾಠ. ತೊಂಬತ್ತೊಂಬತ್ತನ್ನು ಬಿಟ್ಟು ಒಂದನ್ನು ಹುಡುಕಲು ಹೊರಟ ಕುರುಬನ ಪ್ರೀತಿಯನ್ನು ಕುರಿತು ಎಷ್ಟೋ ಪ್ರಸಂಗ ಮಾಡಿದ್ದೇನೆ. ಆ ಅಜ್ಜಿಯ ಮಾತು ಕೇಳಿದ ಮೇಲೆಯೇ ನನಗೆ ಇನ್ನೊಂದು ಹೊಳೆದದ್ದು: ಆ ಕುರುಬ ಸಂಜೆ ಕುರಿಗಳನ್ನು ಎಣಿಸಿದ್ದ! ಎಣಿಸದಿದ್ದರೆ ಒಂದು ತಪ್ಪಿಸಿಕೊಂಡದ್ದು ಅವನಿಗೆ ತಿಳಿಯುತ್ತಲೇ ಇರಲಿಲ್ಲ. ನಮ್ಮ ದೇವದುರ್ಗದ ಕಡೆಯ ಕುರಿಗಾಹಿಗಳೂ ಹಟ್ಟಿಗೆ ಕೂಡುವಾಗ ಎಣಿಸುತ್ತಾರೆ. ಲೆಕ್ಕ ಕಡಿಮೆ ಬಿದ್ದರೆ "ತೊಂಬತ್ತೊಂಬತ್ತು ಪಾಲು ಬಂದಿವೆ, ಚಿಂತೆಯಿಲ್ಲ" ಎಂದು ಮಲಗುವುದಿಲ್ಲ. ದೀಪ ಹಿಡಿದು ಹೊರಡುತ್ತಾರೆ.

ಭೇದವಿರುವುದು ಇಲ್ಲಿ. ಎಷ್ಟು ಇವೆ ಎಂದು ತಿಳಿದು ತೃಪ್ತನಾಗುವುದು ಒಡೆಯನ ಎಣಿಕೆ. ಯಾವುದು ಇಲ್ಲ ಎಂದು ತಿಳಿದು ಹೊರಡುವುದು ಕುರುಬನ ಎಣಿಕೆ. ಬೆಲೆಯಿರುವ ವಸ್ತುವಿನ ಬದಲು ಇನ್ನೊಂದನ್ನು ಇಡಬಹುದು, ಮನುಷ್ಯನಿಗಿರುವುದು ಬೆಲೆಯಲ್ಲ, ಘನತೆ ಎಂದು 1785ರಲ್ಲಿ ತತ್ತ್ವಜ್ಞಾನಿ ಕಾಂಟ್ ವಿವರಿಸಿದ. ಹೊಸ ವಿಜ್ಞಾನ ಪ್ರತಿಯೊಬ್ಬನನ್ನೂ "ಒಂದು" ಎಂದು ಎಣಿಸಲು ಕಲಿಸಿತು. ಆ "ಒಂದು" ಇನ್ನೊಂದಕ್ಕೆ ಬದಲಾಗದು ಎಂಬುದನ್ನು ಯಾವ ಕೋಷ್ಟಕವೂ ಕಲಿಸಲಾರದು. ಅದನ್ನು ಓಣಿಯಲ್ಲಿ, ಮನೆಬಾಗಿಲಲ್ಲಿ ಕಲಿಯಬೇಕು.

2021ರಲ್ಲಿ ನಡೆಯಬೇಕಿದ್ದ ಜನಗಣತಿ ಮುಂದಕ್ಕೆ ಹೋಯಿತು. 2027ರ ಮಾರ್ಚ್ 1ನ್ನು ಆಧಾರದಿನವಾಗಿ ಸರ್ಕಾರ 2025ರ ಜೂನ್‌ನಲ್ಲಿ ಪ್ರಕಟಿಸಿತು. ಮುಂಗಾರು ಹಿಂಗಾರು ಮುಗಿದು, ನಮ್ಮ ಹಳ್ಳಿಗಳ ಅರ್ಧ ಓಣಿ ಬೆಂಗಳೂರು, ಪುಣೆ, ಹೈದರಾಬಾದಿನ ಕಟ್ಟಡಗಳ ಬುಡದ ಶೆಡ್ಡುಗಳಲ್ಲಿರುವ ಕಾಲ ಅದು. ಇಲ್ಲಿ ಬೀಗ ನೋಡಿ ಬಿಟ್ಟು, ಅಲ್ಲಿ ಶೆಡ್ಡು ನೋಡಿ ಬಿಟ್ಟರೆ ಆ ಮನುಷ್ಯ ದೇಶದಲ್ಲೇ ಇಲ್ಲದಂತಾಗುತ್ತಾನೆ. ಗುಳೆ ಹೋಗುವ ನಮ್ಮವರಿಗೆ, ಇದ್ದಲ್ಲಿಯೇ ಹೆಸರು ಬರೆಸಿರೆಂದು ಈಗಲೇ ಹೇಳಿ. ಎಣಿಸಲು ಬರುವ ಶಿಕ್ಷಕರಿಗೆ, ಬೀಗದ ಹಿಂದೆ ಮುದುಕರು ಮಕ್ಕಳು ಇದ್ದಾರೆಂದು ಕೈಹಿಡಿದು ತೋರಿಸಿ. ಅವರು ನಮ್ಮವರೇ ಆಗಬೇಕೆಂದಿಲ್ಲ, ಯಾವ ಜಾತಿ, ಯಾವ ಮತದವರಾದರೂ ಸರಿ. ನೆರೆಯವನಿಗೆ ಮಾಡಬಹುದಾದ ಈ ಸಣ್ಣ ಉಪಕಾರಕ್ಕೆ ಒಂದು ರೂಪಾಯಿ ಖರ್ಚೂ ಇಲ್ಲ.

ನಾನು ನನ್ನ ಪುಸ್ತಕ ತಿದ್ದಿದ್ದೇನೆ. "ಇಲ್ಲ" ಎಂಬುದನ್ನು ಹೊಡೆದುಹಾಕಿ ಅಜ್ಜಿಯ ಹೆಸರು, ಮೊಮ್ಮಕ್ಕಳ ಹೆಸರು ಬರೆದೆ. ಅವರ ಮನೆಗೆ ಹೋಗಿ ಅದನ್ನು ತೋರಿಸಿದಾಗ ಆ ತಾಯಿಗೆ ಓದಲು ಬರುತ್ತಿರಲಿಲ್ಲ. ಮೊಮ್ಮಗ ಬೆರಳಿಟ್ಟು ಮೂರೂ ಹೆಸರು ಓದಿ ಹೇಳಿದ. ಈಗ ಬೀಗ ಬಿದ್ದ ಮನೆ ಕಂಡರೆ ಹಿತ್ತಲಿಗೊಮ್ಮೆ ಹೋಗಿ ಕೂಗುವುದು ನನಗೆ ರೂಢಿಯಾಗಿದೆ.